ಆಕ್ಷೇಪಣೆ ಇರುವುದಿಲ್ಲ

ನನ್ನ ಕೈಬರಹ ಚೆನ್ನಾಗಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜೀವನದಲ್ಲಿ ಎರಡು ಸಲ ನಾನು ದೊಡ್ಡ ತಪ್ಪು ಮಾಡಿದ್ದು ಈ ಕೈಬರಹದಿಂದಲೇ. ಮೊದಲನೆಯದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಉತ್ತರ ಕರ್ನಾಟಕದ ಒಂದು ಹಳ್ಳಿಯ ಶಾಲೆಯ ಅಂಗಳದಲ್ಲಿ. ಎರಡನೆಯದು ಅರವತ್ತನಾಲ್ಕರಲ್ಲಿ, ಲಂಡನ್ನಿನ ಗ್ರೀನ್‌ಫರ್ಡಿನಲ್ಲಿ, ನಮ್ಮ ಮನೆಯ ಊಟದ ಮೇಜಿನ ಮೇಲೆ. ಎರಡು ಸಲವೂ ಬರೆದದ್ದು ಹೆಚ್ಚುಕಡಿಮೆ ಒಂದೇ ವಾಕ್ಯ. ಒಂದು ಕನ್ನಡದಲ್ಲಿ, ಇನ್ನೊಂದು ಇಂಗ್ಲಿಷಿನಲ್ಲಿ.

ನಮ್ಮದು ನಾಲ್ಕು ಮಹಡಿಯ ಬ್ಲಾಕು. ಇಪ್ಪತ್ತನಾಲ್ಕು ಫ್ಲ್ಯಾಟು, ಒಂದು ಲಿಫ್ಟು. ಆ ಲಿಫ್ಟಿಗೆ ಮನಸ್ಸು ಬಂದ ದಿನ ಅದು ಕೆಲಸ ಮಾಡುತ್ತದೆ. ಹಿಂದೆ ಗೋದಾಮುಗಳು, ಮುಂದೆ ಬಸ್‌ಸ್ಟಾಪು, ಪಕ್ಕದಲ್ಲಿ ಯಾರೂ ಬಳಸದ ಒಂದು ಸಾಲು ಗ್ಯಾರೇಜುಗಳು. ನನ್ನ ಗಂಡನಿಗೆ ಇಲ್ಲಿನ ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಕೆಲಸ ಸಿಕ್ಕಾಗ ನಾನು ಸರ್ಕಾರಿ ಇಂಜಿನಿಯರ್ ಹುದ್ದೆಗೆ ರಾಜೀನಾಮೆ ಕೊಟ್ಟು ಧಾರವಾಡ ಬಿಟ್ಟು ಬಂದೆ. ಆಮೇಲೆ ಕೊಂಡದ್ದು ಈ ಮನೆ. ಆ ಕಾಲದಲ್ಲಿ ಬಂದ ಡಾಕ್ಟರುಗಳ ಸಂಸಾರಗಳೆಲ್ಲ ಒಂದೊಂದಾಗಿ ಲಂಡನ್ನಿನ ಅನುಕೂಲಸ್ಥರ ಬಡಾವಣೆಯಾದ ಪಿನ್ನರ್ ಕಡೆಗೆ ಹೋದವು. ಹಬ್ಬಕ್ಕೆ ಸೇರಿದಾಗ ಈಗಲೂ ಯಾರಾದರೂ "ಇನ್ನೂ ಅಲ್ಲೇ ಇದ್ದೀರಾ?" ಎಂದು ಕೇಳುತ್ತಾರೆ. ಅಲ್ಲೇ ಇದ್ದೇವೆ, ಗೋಡೆಗೆ ಬೂಷ್ಟು ಹಿಡಿದಿದೆ, ಆದರೂ ಅಲ್ಲೇ ಇದ್ದೇವೆ ಎನ್ನುತ್ತೇನೆ.

ಕಟ್ಟಡವನ್ನು ನೋಡಿಕೊಳ್ಳುವ ವಸತಿ ಸಂಸ್ಥೆಯವರು ಅದನ್ನು ಕೆಡವಿ ಹೊಸದು ಕಟ್ಟುವ ಯೋಜನೆ ತಂದಾಗ ನನಗೆ ಸಂತೋಷವಾಯಿತು. ಮೊದಲಾಗಿದ್ದರೆ ಮೇಲಿನವರು ನಕ್ಷೆ ತರುತ್ತಿದ್ದರು, ಕೆಳಗಿನವರು ಗಂಟುಮೂಟೆ ಕಟ್ಟುತ್ತಿದ್ದರು. ಈಗ ಇಂಥ ಯೋಜನೆಗೆ ನಿವಾಸಿಗಳ ಮತ ಬೇಕು. ಸಂಸ್ಥೆ ತಾನು ಏನೇನು ಮಾಡುತ್ತೇನೆ ಎಂಬ ಭರವಸೆಗಳನ್ನು ಒಂದು ಪುಸ್ತಿಕೆಯಾಗಿ ಅಚ್ಚು ಹಾಕಿಸಿ ಮನೆಮನೆಗೆ ಕಳಿಸಬೇಕು. ಆ ಪುಸ್ತಿಕೆಗೆ ಹೌದು ಅಥವಾ ಬೇಡ ಎಂದು ನಾವು ಮತ ಹಾಕಬೇಕು. ಅಚ್ಚಾದ ಮೇಲೆ ಅದರಲ್ಲಿ ಒಂದಕ್ಷರವನ್ನೂ ಬದಲಿಸುವಂತಿಲ್ಲ. ಹೀಗಾಗಿ ಅಚ್ಚಿಗೆ ಹೋಗುವ ಮುಂಚೆ ಪ್ರತಿ ಬ್ಲಾಕಿನ ಪ್ರತಿನಿಧಿ ತನ್ನ ಬ್ಲಾಕಿನವರ ಅಭಿಪ್ರಾಯವನ್ನು ಒಂದು ಪುಟದಲ್ಲಿ ಬರೆದು ಕೊಡಬೇಕಿತ್ತು. ನಮ್ಮ ಬ್ಲಾಕಿನ ಪ್ರತಿನಿಧಿ ನಾನು. ಯಾರಾಗುತ್ತೀರಿ ಎಂದು ಕೇಳುವ ಮೊದಲೇ ಕೈ ಎತ್ತಿದ್ದೆ.

ನೆಲಮಹಡಿಯ ಸಭಾಕೋಣೆಯಲ್ಲಿ ನಡೆದ ಸಭೆಗೆ ಹನ್ನೊಂದು ಜನ ಬಂದಿದ್ದರು. ಸಂಸ್ಥೆಯ ಅಧಿಕಾರಿಣಿ ಒಳ್ಳೆಯ ಹುಡುಗಿ, ನನ್ನ ಮಗಳ ವಯಸ್ಸಿನವಳು. ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ, ನಮ್ಮ ಬ್ಲಾಕನ್ನೇ ಮೊದಲು ಖಾಲಿ ಮಾಡಿಸುತ್ತೇವೆ, ಮೂರು ವರ್ಷ ಎಲ್ಲಿ ಮನೆ ಸಿಗುತ್ತದೋ ಅಲ್ಲಿ ನಿಮ್ಮನ್ನು ಇಡುತ್ತೇವೆ, ಆಮೇಲೆ ಹೊಸ ಕಟ್ಟಡಕ್ಕೆ ಮರಳಿ ಬರುವ ಹಕ್ಕು ನಿಮಗಿರುತ್ತದೆ ಎಂದಳು. ಯಾರಿಗಾದರೂ ಆತಂಕವಿದೆಯೇ ಎಂದು ಮೂರು ಸಲ ಕೇಳಿದಳು. ಯಾರೂ ತುಟಿ ಬಿಚ್ಚಲಿಲ್ಲ. ಮುಂದಿನ ಸಾಲಿನಲ್ಲಿ ಕೂತು ನಾನು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಹಿಂದಿನ ಸಾಲಿನಲ್ಲಿ, ಹೀಟರಿನ ಪಕ್ಕ, ನಮ್ಮ ಮೇಲಿನ ಮಹಡಿಯ ನೆರೆಯಾಕೆ ಕುತ್ತಿಗೆಯವರೆಗೆ ಕೋಟಿನ ಗುಂಡಿ ಹಾಕಿಕೊಂಡು ಕೂತಿದ್ದರು.

ಈ ನೆರೆಯಾಕೆ ಪೋಲೆಂಡಿನವರು. ಎಪ್ಪತ್ತಮೂರು ವರ್ಷ, ಒಬ್ಬರೇ ಇರುತ್ತಾರೆ. ಇಲ್ಲಿಯ ಸ್ಯಾಂಡ್‌ವಿಚ್ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೆ ದುಡಿದವರು. ಅವರು ನನಗೆ ಗಸಗಸೆ ಕೇಕು ಕೊಡುತ್ತಾರೆ, ನಾನು ಶೇಂಗಾ ಹೋಳಿಗೆ ಕೊಡುತ್ತೇನೆ. ಹೋಳಿಗೆಯನ್ನು ಅವರು ಕಾಫಿಯಲ್ಲಿ ಅದ್ದಿ ತಿನ್ನುವುದನ್ನು ನೋಡಿ ಸಹಿಸಿಕೊಂಡಿದ್ದೇನೆ. ಎಲ್ಲ ಸಭೆಗೂ ತಪ್ಪದೆ ಬರುತ್ತಿದ್ದರು, ಯಾವ ಸಭೆಯಲ್ಲೂ ಮಾತಾಡುತ್ತಿರಲಿಲ್ಲ.

ಮನೆಗೆ ಬಂದು ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತೆ. ಇಂಜಿನಿಯರಾಗಿ ನನಗೆ ಯೋಜನೆ ಸರಿಯೆನಿಸಿತ್ತು. ಜಾಗ ಪೂರ್ತಿ ಖಾಲಿಯಾದರೆ ಕೆಲಸ ಬೇಗ ಮುಗಿಯುತ್ತದೆ, ಒಂದೊಂದು ತುಂಡು ಖಾಲಿ ಮಾಡುತ್ತ ಕಟ್ಟುವುದು ತಲೆನೋವು. ದುಂಡಗಿನ ಅಕ್ಷರದಲ್ಲಿ ಬರೆದೆ: ತಾತ್ಕಾಲಿಕ ಸ್ಥಳಾಂತರದ ಬಗ್ಗೆ ಈ ಬ್ಲಾಕಿನ ನಿವಾಸಿಗಳಿಂದ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ.

ನನ್ನ ಗಂಡ ಹೆಗಲ ಮೇಲಿಂದ ಬಗ್ಗಿ ಓದಿದರು.

"ಏನ್ ಬರೀಲಿಕ್ಕತ್ತೀ? ಎಲ್ಲಾರ ಪರವಾಗಿ ನೀನ ಒಪ್ಪಿಬಿಟ್ಟಿ?"

"ಏನ್ರೀ, ನೀವೂ ಅಲ್ಲೇ ಇದ್ರಲ್ಲಾ. ಯಾರರೆ ಏನರೆ ಅಂದ್ರೇನು?"

"ನಾನೂ ಏನೂ ಅನಲಿಲ್ಲ. ಹಂಗಂತ ನನಗ ಬ್ಯಾರೆ ಕಡೆ ಹೋಗೂದು ಇಷ್ಟ ಅಂತೇನು?" ಎಂದವರೇ ಚಹಾ ಮಾಡಲು ಎದ್ದುಹೋದರು. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಗಂಡನ ಎಷ್ಟೋ ಮಾತುಗಳನ್ನು ಹಾಗೆ ಬಿಟ್ಟಿದ್ದೇನೆ, ಅದರಲ್ಲಿ ಇದೂ ಒಂದು.

ನನ್ನ ಪುಟವನ್ನು ಸಂಸ್ಥೆಯವರು ಲಿಫ್ಟಿನ ಪಕ್ಕದ ಫಲಕಕ್ಕೆ ಅಂಟಿಸಿದರು. ಸೋಮವಾರ ಬೆಳಿಗ್ಗೆ ಬಾಗಿಲ ಗಂಟೆ ಸದ್ದಾಯಿತು. ತೆರೆದರೆ ಆ ನೆರೆಯಾಕೆ. ಅದೇ ಕೋಟು, ಗುಂಡಿ ಅದೇ ರೀತಿ ಕುತ್ತಿಗೆಯವರೆಗೆ. ಕೈಯಲ್ಲಿ ಕೇಕು ಇರಲಿಲ್ಲ. ಅವರ ಇಂಗ್ಲಿಷು ತುಂಡುತುಂಡು, ನನ್ನದು ಒರಟು. ಇಬ್ಬರೂ ಆಡಿದ್ದನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ.

"ನೀವು ಬರೆದಿದ್ದೀರಿ, ಯಾರೂ ಬೇಡ ಅಂದಿಲ್ಲ ಅಂತ."

"ಹೌದು."

"ನನ್ನನ್ನು ಕೇಳಿದಿರಾ?"

"ಸಭೆಯಲ್ಲಿ ಎಲ್ಲರನ್ನೂ ಕೇಳಿದರಲ್ಲ. ನೀವೂ ಇದ್ದಿರಿ."

"ಇದ್ದೆ" ಎಂದರು. "ನೀವು ಬರೆಯುವುದನ್ನೂ ನೋಡಿದೆ."

ಈ ಮಾತನ್ನು, ಸರಿಯಾಗಿ ಇದೇ ಮಾತನ್ನು, ನಾನು ಹಿಂದೊಮ್ಮೆ ಕೇಳಿದ್ದೆ.

ಅದನ್ನು ಹೇಳಬೇಕಾದರೆ ಶಾಲೆಯ ಅಂಗಳಕ್ಕೆ ಹೋಗಬೇಕು. ಅಣೆಕಟ್ಟಿನ ನೀರು ನಿಲ್ಲುವ ಹಳ್ಳಿಗಳನ್ನು ಎತ್ತರದ ಜಾಗಕ್ಕೆ ಸಾಗಿಸುವ ಕಚೇರಿಯಲ್ಲಿ ನಾನು ಕಿರಿಯ ಇಂಜಿನಿಯರ್. ಅಲ್ಲಿದ್ದ ಒಬ್ಬಳೇ ಹೆಣ್ಣು. ಹೊಸ ಊರಿನ ನಕ್ಷೆ ಬರೆದವಳು ನಾನೇ. ಆ ಕಡೆಯ ಹಳ್ಳಿಮನೆಗಳಲ್ಲಿ ಬಾಗಿಲು ದಾಟಿದರೆ ಮೊದಲು ದನ, ಆಮೇಲೆ ಜನ. ಇದು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಕಾಲೇಜಿನಲ್ಲಿ ಕಲಿತಿದ್ದೆ. ಹಾಗಾಗಿ ಮನೆಗಳನ್ನು ಒಂದು ಕಡೆ ಸಾಲಾಗಿ ಇಟ್ಟು, ದನಗಳಿಗೆ ಊರಿನ ಅಂಚಿನಲ್ಲಿ ಒಟ್ಟಾಗಿ ಕೊಟ್ಟಿಗೆಗಳನ್ನು ಬರೆದಿದ್ದೆ. ನಕ್ಷೆ ನೋಡಲು ಬಹಳ ಚಂದ ಇತ್ತು. ಅಹವಾಲು ಕೇಳುವ ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಗಂಡಸರು ಚಾಪೆಯ ಮೇಲೆ ಕೂತಿದ್ದರು, ಹೆಂಗಸರು ಕಾಂಪೌಂಡಿನ ಹೊರಗೆ ನಿಂತಿದ್ದರು. ಯಾರೂ ಮಾತಾಡಲಿಲ್ಲ. ಮೇಲಧಿಕಾರಿ ಹೇಳಿದರು, ನಾನು ನಡಾವಳಿ ಪುಸ್ತಕದಲ್ಲಿ ಬರೆದೆ: ಸಾರ್ವಜನಿಕರಿಂದ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ. ಅಕ್ಷರ ನೋಡಿ ಅವರು ಶಹಬ್ಬಾಸ್ ಎಂದರು.

ಎರಡು ವರ್ಷದ ಮೇಲೆ ಹೊಸ ಊರಿಗೆ ಪರಿಶೀಲನೆಗೆ ಹೋದೆ. ಒಬ್ಬ ಹೆಂಗಸು ನನ್ನನ್ನು ತಡೆದು ನಿಲ್ಲಿಸಿದಳು. ಸಿಟ್ಟಿರಲಿಲ್ಲ, ಸುಸ್ತಾಗಿದ್ದಳು.

"ನನ್ನ ಎಮ್ಮಿ ಊರ ಹೊರಗ ಮಲಗತೈತಿ, ನಾ ಊರಾಗ ಮಲಗತೀನಿ. ಇದ್ಯಾವ ಬಾಳೇವು ರೀ ಬಾಯಾರ? ನಸುಕಿನ್ಯಾಗ ಕತ್ತಲದಾಗ ಹಾಲ ಹಿಂಡಾಕ ಹೋಗಬೇಕು. ಕರಾ ಹಾಕಿದ್ದೂ ನನಗ ಮುಂಜಾನಿ ಗೊತ್ತಾತು, ಅಷ್ಟೊತ್ತಿಗೆ ಕರಾ ಸತ್ತಿತ್ತು."

"ಇದನ್ನ ಆವಾಗ್ಲೇ ಹೇಳಬೇಕಿತ್ತು" ಎಂದೆ.

"ಕೇಳಿದ್ರ ಹೇಳತಿದ್ವಿ."

"ಸಭೆಗೆ ಬರಬೇಕಿತ್ತಲ್ಲಾ."

"ಬಂದಿದ್ವಿರೀ. ಗ್ವಾಡಿ ಹೊರಗ ನಿಂತಿದ್ವಿ. ನೀವು ಬರಿಯೂದೂ ನೋಡಿದ್ವಿ."

ನಾನು ಏನೋ ಗೊಣಗಿ ಜೀಪು ಹತ್ತಿದೆ. ಆ ಹೆಂಗಸಿನ ಮುಖ ಈಗ ನೆನಪಿಲ್ಲ, ಮಾತು ಮಾತ್ರ ಹಾಗೇ ಉಳಿದಿದೆ. ಅದಾದ ಮೇಲೆ ಕಾಲ ಬದಲಾಯಿತು. ಊರೂರಿಗೆ ಪಂಚಾಯಿತಿ ಬಂತು, ಹೆಂಗಸರು ಗೋಡೆ ದಾಟಿ ಒಳಗೆ ಬಂದು ಕುರ್ಚಿಯ ಮೇಲೆ ಕೂತರು. ಅಷ್ಟರಲ್ಲಿ ನಾನು ಗ್ರೀನ್‌ಫರ್ಡಿನಲ್ಲಿದ್ದೆ. ಬದಲಾವಣೆ ನನ್ನ ಬೆನ್ನ ಹಿಂದೆ ಆಯಿತು, ನನಗೆ ಅದರ ಪಾಠ ಆಗಲೇ ಇಲ್ಲ.

ನೆರೆಯಾಕೆ ನನ್ನನ್ನು ಮೇಲೆ ತಮ್ಮ ಮನೆಗೆ ಕರೆದುಕೊಂಡು ಹೋದರು. ಅಡಿಗೆಮನೆಯಲ್ಲಿ ಕೂರಿಸಿ ಕಪ್ಪು ಚಹಾ ಕೊಟ್ಟರು. ಅವರ ಕಿಟಕಿಯ ಕೆಳಗೆ ಆ ಖಾಲಿ ಗ್ಯಾರೇಜುಗಳು ಕಾಣುತ್ತವೆ.

"ಬೇಡ ಅಂತ ಅಲ್ಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. ನನ್ನ ದನಿಯಲ್ಲಿ ಇನ್ನೂ ಅಧಿಕಾರಿಯ ಗತ್ತು ಉಳಿದಿತ್ತು, ನನಗೇ ಕೇಳಿಸಿತು.

ಅವರು ನಿಧಾನವಾಗಿ ಹೇಳಿದರು. ಅವರ ದೇಶದಲ್ಲಿ ಸರ್ಕಾರವೇ ಎಲ್ಲವನ್ನೂ ಕಟ್ಟುತ್ತಿದ್ದ ಕಾಲ. ಕಾರ್ಖಾನೆಯ ಸಭೆಯಲ್ಲಿ ಒಬ್ಬ ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದ. ಬರೆದುಕೊಳ್ಳುವವನಿದ್ದ ಕಡೆ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಚುನಾವಣೆಯೂ ಇತ್ತು. ಮತಪತ್ರವನ್ನು ಕೊಟ್ಟ ಹಾಗೇ, ಏನೂ ಗುರುತು ಹಾಕದೆ, ಮಡಿಸಿ ಪೆಟ್ಟಿಗೆಗೆ ಹಾಕಬೇಕು. ಯಾವುದಾದರೂ ಹೆಸರು ಹೊಡೆದುಹಾಕಬೇಕೆನ್ನುವವರಿಗೆ ಮೂಲೆಯಲ್ಲಿ ಒಂದು ಪರದೆಯೂ ಇತ್ತು. ಆದರೆ ಪರದೆಯ ಹಿಂದೆ ಯಾರು ಹೋದರು ಎಂಬುದನ್ನು ಗಮನಿಸುತ್ತಿದ್ದರು. ಹಾಗಾಗಿ ಯಾರೂ ಹೋಗುತ್ತಿರಲಿಲ್ಲ. ಒಂದು ದಿನ ಅವರ ಮನೆಯಿದ್ದ ಬೀದಿಯನ್ನು ಉಕ್ಕಿನ ಕಾರ್ಖಾನೆಗೆ ತೆಗೆದುಕೊಂಡರು. ತಾತ್ಕಾಲಿಕ ಎಂದು ಒಂದು ಕೋಣೆ ಕೊಟ್ಟರು. ಆ ತಾತ್ಕಾಲಿಕ ಕೋಣೆಯಲ್ಲಿ ಒಂಬತ್ತು ವರ್ಷ ಇದ್ದರು. ತಾಯಿ ಅಲ್ಲೇ ತೀರಿಕೊಂಡರು. ಕೊನೆಗೆ ಎಂಟನೆಯ ಮಹಡಿಯಲ್ಲಿ ಒಂದು ಫ್ಲ್ಯಾಟಿನ ಬೀಗದಕೈ ಬಂತು.

"ಒಳ್ಳೆಯ ಫ್ಲ್ಯಾಟು" ಎಂದರು. "ಸುಳ್ಳು ಯಾಕೆ ಹೇಳಲಿ. ಆಮೇಲೆ ನಾವು ನಿಜವಾದ ಮತ ಹಾಕಿದ ವರ್ಷ ಬಂತು. ಆ ದಿನ ಎಲ್ಲರೂ ಪರದೆಯ ಹಿಂದೆ ಹೋದೆವು. ಬೇಡದ ಹೆಸರುಗಳ ಮೇಲೆ ಗೆರೆ ಎಳೆದೆವು, ಒಂದೊಂದರ ಮೇಲೂ. ನಾನು ಪೆನ್ನು ಮುರಿಯುವಷ್ಟು ಒತ್ತಿ ಎಳೆದೆ. ಎರಡು ವರ್ಷಕ್ಕೆ ನಾನು ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿತು. ಮೊದಲು ಕೇಳದೆ ಕೊಟ್ಟರು. ಆಮೇಲೆ ಕೇಳಿದರು, ಕೊಡಲಿಲ್ಲ."

ನನ್ನ ಲೋಟಕ್ಕೆ ಇನ್ನಷ್ಟು ಚಹಾ ಹಾಕಿ, "ನನಗೆ ಎರಡೂ ಬೇಕು. ಕೇಳಬೇಕು, ಕೊಡಲೂಬೇಕು" ಎಂದರು.

ಆ ಅಡಿಗೆಮನೆಯಲ್ಲಿ ನನಗೆ ನನ್ನ ಮೇಲೆಯೇ ಭಯಂಕರ ಸಿಟ್ಟು ಬಂತು. ಸಭೆಯಲ್ಲಿ ಬರೆದುಕೊಳ್ಳುವವರಿದ್ದರೆ ಬಾಯಿ ಮುಚ್ಚಿಕೊಳ್ಳಬೇಕೆಂದು ಆಕೆಗೆ ಒಂದು ಸರ್ಕಾರ ಕಲಿಸಿತ್ತು. ಬಾಯಿ ಮುಚ್ಚಿಕೊಂಡವರನ್ನು ಒಪ್ಪಿದವರೆಂದು ಬರೆದುಕೊಳ್ಳಬೇಕೆಂದು ನನಗೆ ಇನ್ನೊಂದು ಸರ್ಕಾರ ಕಲಿಸಿತ್ತು. ನಾವಿಬ್ಬರೂ ಲಂಡನ್ನಿನ ಒಂದೇ ಕೋಣೆಯಲ್ಲಿ ಕೂತು ನಮ್ಮ ನಮ್ಮ ಪಾಠವನ್ನು ಒಪ್ಪಿಸಿದ್ದೆವು.

"ಮೂರು ವರ್ಷ ಬೇರೆ ಎಲ್ಲೋ ಇದ್ದು ಬಂದರೆ ನಿಮ್ಮ ಹಕ್ಕು ಎಲ್ಲಿಗೂ ಹೋಗುವುದಿಲ್ಲ" ಎಂದು ಕೊನೆಯದಾಗಿ ಒಂದು ವಾದ ಹೂಡಿ ನೋಡಿದೆ.

"ಹಕ್ಕು ಬರುತ್ತದೆ" ಎಂದರು. "ನಾನು ಬರುತ್ತೇನಾ?"

ಆಕೆಗೆ ಬೇಕಾದದ್ದು ಇಷ್ಟೇ: ಖಾಲಿ ಗ್ಯಾರೇಜುಗಳನ್ನು ಮೊದಲು ಕೆಡವಿ ಅಲ್ಲಿ ಕಟ್ಟಲಿ, ಹಳೆಯ ಮನೆಯಿಂದ ಹೊಸ ಮನೆಗೆ ಒಂದೇ ಸಲ ಹೋಗುತ್ತೇನೆ. ಇಂಜಿನಿಯರಾದ ನನಗೆ ಹೊಳೆಯದೇ ಹೋದ ದಾರಿ ದಿನವೂ ಆ ಕಿಟಕಿಯಲ್ಲಿ ನಿಂತು ನೋಡುವವರಿಗೆ ಹೊಳೆದಿತ್ತು.

ಕೆಳಗೆ ಬಂದು ಅಧಿಕಾರಿಣಿಗೆ ಫೋನ್ ಮಾಡಿದೆ. ಪುಸ್ತಿಕೆ ಶುಕ್ರವಾರ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ, ಗುರುವಾರ ಸಂಜೆ ಕೊನೆಯ ಸಭೆ ಎಂದಳು. ಗ್ಯಾರೇಜಿನ ಕಡೆಯಿಂದ ಶುರುಮಾಡುವ ಇನ್ನೊಂದು ನಕ್ಷೆಯೂ ಅವರ ಬಳಿ ಇತ್ತಂತೆ. ನಮ್ಮ ಬ್ಲಾಕಿನವರು ಸ್ಥಳಾಂತರಕ್ಕೆ ಒಪ್ಪಿದ್ದಾರೆ ಎಂದು ನಾನು ಬರೆದುಕೊಟ್ಟ ಮೇಲೆ ಅದನ್ನು ಪಕ್ಕಕ್ಕಿಟ್ಟರಂತೆ. "ನೀವೇ ಬರೆದಿದ್ದಿರಲ್ಲ" ಎಂದಳು, ಪಾಪ, ಯಾವ ಕೊಂಕೂ ಇಲ್ಲದೆ.

ಲಂಡನ್ನಿನ ಇನ್ನೊಂದು ತುದಿಯ ಸ್ಟ್ರಾಟ್‌ಫರ್ಡಿನಲ್ಲಿರುವ ಮಗಳು ಆ ಸಂಜೆ ಫೋನ್ ಮಾಡಿದಾಗ ಎಲ್ಲ ಹೇಳಿಕೊಂಡೆ. ನಾನು ಕನ್ನಡದಲ್ಲಿ ಮಾತಾಡುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಹುಟ್ಟಿದಾಗಿನಿಂದ ಅದೇ ಒಪ್ಪಂದ. "ಅಮ್ಮಾ, ಯು ಆರ್ ನಾಟ್ ದಿ ಗವರ್ನ್‌ಮೆಂಟ್" ಎಂದು ನಕ್ಕಳು. ನಾನು ನಗಲಿಲ್ಲ. ಒಂದು ಕಾಲದಲ್ಲಿ ನಾನೇ ಸರ್ಕಾರವಾಗಿದ್ದೆ, ಆ ಹಳ್ಳಿಯ ಹೆಂಗಸರಿಗೆ ನನ್ನನ್ನು ಬಿಟ್ಟು ಬೇರೆ ಸರ್ಕಾರ ಕಂಡಿರಲೇ ಇಲ್ಲ.

ತೀರ್ಮಾನ ಮಾಡಿದೆ. ಗುರುವಾರದೊಳಗೆ ಪ್ರತಿ ಬಾಗಿಲನ್ನೂ ತಟ್ಟುವುದು. ನಮ್ಮ ಮನೆಯನ್ನೂ ಸೇರಿಸಿ ಇಪ್ಪತ್ತನಾಲ್ಕು. ಯಾರನ್ನೂ ಬಿಡುವುದಿಲ್ಲ, ಯಾರು ಏನು ಹೇಳುತ್ತಾರೋ ಅದನ್ನೇ ಬರೆಯುವುದು. ಗಂಡ ಒಂದು ಸಲಹೆ ಕೊಟ್ಟರು.

"ಕೇಳೂದೇನೋ ಕೇಳ್ತಿ. ಕೇಳಿದ ಮ್ಯಾಲೆ ಸುಮ್ನ ನಿಂದ್ರೂದು ನಿನಗ ಬರೂದಿಲ್ಲ. ಎಕ್ಸ್-ರೇ ತಗಿಯೋ ಮುಂದ ನಾ ರೋಗಿಗೆ ಏನ್ ಹೇಳ್ತಿದ್ದೆ? ಉಸಿರು ಹಿಡೀರಿ, ಅಲುಗಾಡಬ್ಯಾಡ್ರಿ ಅಂತ. ನೀನೂ ಹಂಗ ಹಿಡಿ."

ಮೊದಲು ಅವರನ್ನೇ ಕೇಳಿದೆ. ನಮ್ಮ ಮನೆಯ ಬಾಗಿಲಲ್ಲೇ ನಿಲ್ಲಿಸಿ, ನೋಟ್‌ಬುಕ್ ತೆರೆದು, ನಿಮ್ಮ ಅಭಿಪ್ರಾಯ ಏನ್ರೀ ಎಂದೆ. ಆಟಕ್ಕೆಂದೇ ಶುರುವಾಯಿತು. ಅವರು ಮಾತ್ರ ಆಟವಾಡದೆ, ಈ ಮನೆ ಬಿಡುವುದಾದರೆ ಇನ್ನೊಮ್ಮೆ ಬೇರೆ ಬಾಡಿಗೆ ಮನೆ, ಬೇರೆ ಜಿ.ಪಿ. ಡಾಕ್ಟರು, ಬೇರೆ ಬಸ್ಸು ಎಂದು ಕಲಿಯುವ ಶಕ್ತಿ ತನಗಿಲ್ಲ ಎಂದರು. ನಲವತ್ತು ವರ್ಷದಲ್ಲಿ ಯಾವ ಮನೆ ಕೊಳ್ಳೋಣ, ಎಲ್ಲಿ ಉಳಿಯೋಣ ಎಂಬುದನ್ನು ನಾನು ಅವರನ್ನು ಕೇಳಿದ್ದೆನೇ ಎಂದು ಯೋಚಿಸಿದೆ. ಆ ಪ್ರಶ್ನೆಯನ್ನು ಅಲ್ಲಿಗೇ ನಿಲ್ಲಿಸಿ ಮುಂದಿನ ಬಾಗಿಲಿಗೆ ಹೋದೆ.

ಮೂರು ದಿನ ಮೆಟ್ಟಿಲು ಹತ್ತಿ ಇಳಿದೆ. ಲಿಫ್ಟು ಎಂದಿನಂತೆ ಕೈಕೊಟ್ಟಿತ್ತು. ಉಸಿರು ಹಿಡಿದು ನಿಲ್ಲುವುದು ನಿಜಕ್ಕೂ ಕಷ್ಟ. ಎದುರಿಗಿರುವವರು ತಪ್ಪು ಲೆಕ್ಕಾಚಾರ ಮಾಡುತ್ತಿದ್ದರೆ ತಿದ್ದಬೇಕೆಂದು ನಾಲಿಗೆ ತುರಿಸುತ್ತದೆ. ಎರಡನೆಯ ದಿನದ ಹೊತ್ತಿಗೆ ಒಂದು ವಿಷಯ ಗೊತ್ತಾಯಿತು: ಜನ ಮೊದಲು ಹೇಳುವುದು ಏನೂ ಇಲ್ಲ, ಎಲ್ಲ ಸರಿ ಎಂದು. ಅಲ್ಲಿಗೇ ಪೆನ್ನು ಮುಚ್ಚಿದರೆ ಆಕ್ಷೇಪಣೆ ಇರುವುದಿಲ್ಲ. ಇನ್ನೊಂದು ನಿಮಿಷ ನಿಂತರೆ "ಆದರೆ" ಎಂದು ಶುರುವಾಗುತ್ತದೆ. ನಾನು ನೌಕರಿ ಮಾಡಿದ್ದ ಅಷ್ಟೂ ವರ್ಷ ಆ ಒಂದು ನಿಮಿಷವನ್ನು ಯಾರಿಗೂ ಕೊಟ್ಟಿರಲಿಲ್ಲ.

ಎಲ್ಲರೂ ನೆರೆಯಾಕೆಯ ಹಾಗೇ ಹೇಳಿದರು ಎಂದರೆ ಸುಳ್ಳಾಗುತ್ತದೆ. ನೆಲಮಹಡಿಯ ಒಬ್ಬ ತಾಯಿ ನನ್ನನ್ನು ಒಳಗೆ ಕರೆದು ಮಲಗುವ ಕೋಣೆಯ ಗೋಡೆ ತೋರಿಸಿದಳು. ಬೂಷ್ಟು ಸೂರಿನವರೆಗೆ ಹಬ್ಬಿತ್ತು. ಅವಳ ಎರಡು ವರ್ಷದ ಮಗಳಿಗೆ ಉಸಿರಾಟದ ತೊಂದರೆ. "ನಾಳೆ ಖಾಲಿ ಮಾಡಿ ಅಂದರೆ ಇವತ್ತೇ ಹೋಗುತ್ತೇನೆ. ಎಲ್ಲಿಗಾದರೂ ಸರಿ. ನಿಧಾನ ಮಾಡಿಸಬೇಡಿ" ಎಂದಳು. ಅವಳು ಹೇಳಿದ್ದರಲ್ಲಿ ಒಂದು ಪದವೂ ತಪ್ಪಿರಲಿಲ್ಲ. ಹಾಗೇ ಬರೆದುಕೊಂಡೆ. ಕೇಳುತ್ತ ಕೂತರೆ ಏನೂ ಕಟ್ಟಲಾಗುವುದಿಲ್ಲ ಎಂದು ಪಿನ್ನರಿನ ಊಟದ ಮೇಜುಗಳಲ್ಲಿ ನಾನೇ ಎಷ್ಟೋ ಸಲ ಭಾಷಣ ಬಿಗಿದಿದ್ದೇನೆ. ಆ ಗೋಡೆಯ ಮುಂದೆ ನಿಂತಾಗ ಆ ಭಾಷಣ ಪೂರ್ತಿ ಸುಳ್ಳೆಂದು ಅನಿಸಲಿಲ್ಲ. ನನ್ನನ್ನು ಓದಿಸಿದ್ದೂ ಕಟ್ಟುವ ಸರ್ಕಾರವೇ, ಅದರ ಕಾಲೇಜು, ಅದರ ಹಾಸ್ಟೆಲಿನ ಅನ್ನ. ಕಟ್ಟುವುದನ್ನು ಬಿಟ್ಟು ಬರೀ ಅಭಿಪ್ರಾಯ ಕೇಳುತ್ತ ಓಡಾಡುವವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಆದರೆ ಕೇಳುವುದಕ್ಕೆ ನನಗೆ ಹಿಡಿದದ್ದು ಮೂರು ದಿನ. ಆ ಹಳ್ಳಿಯಲ್ಲೂ ಮೂರೇ ದಿನ ಸಾಕಾಗುತ್ತಿತ್ತು. ಅಣೆಕಟ್ಟು ಕಟ್ಟಲು ಹಿಡಿದ ವರ್ಷಗಳ ಮುಂದೆ ಅದು ಯಾವ ಲೆಕ್ಕ?

ಬುಧವಾರ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಮೂರು ಬಾಗಿಲು ಮುಗಿದಿದ್ದವು. ಹದಿನಾಲ್ಕು ಮನೆಯವರು ಒಂದೇ ಸಲ ಹೋಗುತ್ತೇವೆ ಎಂದಿದ್ದರು, ಆರು ಮನೆಯವರು ಬೇಗ ಬಿಡಿಸಿ ಎಂದಿದ್ದರು, ಮೂವರಿಗೆ ಎರಡೂ ಒಂದೇ. ಉಳಿದದ್ದು ನೆರೆಯಾಕೆಯದು. ಅವರದನ್ನು ಆಗಲೇ ಕೇಳಿದ್ದೆನಲ್ಲ ಎಂದು ನಾನೇ ಒಂದು ವಾಕ್ಯ ಬರೆದು, ಓದಿ ಹೇಳಿ ಒಪ್ಪಿಸೋಣವೆಂದು ಮೇಲೆ ಹೋದೆ. ಅವರು ಕಾಗದವನ್ನು ಕೈಗೆ ತೆಗೆದುಕೊಂಡು ಓದಿದರು. ನನ್ನ ಪೆನ್ನು ಕೇಳಿದರು. ಆ ವಾಕ್ಯದ ಮೇಲೆ, ಒತ್ತಿ, ಒಂದು ಗೆರೆ ಎಳೆದರು.

"ತಪ್ಪಾಗಿದೆಯಾ?"

"ಇಲ್ಲ, ಸರಿ ಇದೆ" ಎಂದರು. "ನಾನು ಹೇಳುತ್ತೇನೆ."

ಗುರುವಾರ ಸಂಜೆ ಸಭಾಕೋಣೆಯಲ್ಲಿ ಕುರ್ಚಿ ಸಾಲಲಿಲ್ಲ. ನಾನು ಎದ್ದು ನಿಂತೆ. ನಡಾವಳಿಯನ್ನು ಬರೆದು ಗೊತ್ತಿತ್ತೇ ಹೊರತು ಬರೆದದ್ದು ಸುಳ್ಳೆಂದು ಹತ್ತು ಜನರ ಮುಂದೆ ಹೇಳಿ ಗೊತ್ತಿರಲಿಲ್ಲ. ಫಲಕದಲ್ಲಿರುವ ಪುಟವನ್ನು ಯಾರನ್ನೂ ಕೇಳದೆ ಬರೆದೆ, ಅದು ತಪ್ಪು, ಅದನ್ನು ತೆಗೆದುಹಾಕಿ ಎಂದೆ. ಆಮೇಲೆ ಒಂದೊಂದು ಮನೆಯ ಮಾತನ್ನೂ ಓದಿದೆ. ಬೂಷ್ಟಿನ ಗೋಡೆಯದನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಓದಿದೆ, ಅದು ನನಗೆ ಬೇಕಾದದ್ದಕ್ಕೆ ವಿರುದ್ಧವಾಗಿತ್ತು ಎಂಬ ಕಾರಣಕ್ಕೇ. ಇಪ್ಪತ್ತಮೂರಕ್ಕೆ ನಿಲ್ಲಿಸಿ, ಇನ್ನೊಬ್ಬರದು ಇದೆ, ಅವರೇ ಹೇಳುತ್ತಾರೆ ಎಂದು ಕೂತೆ.

ಹೀಟರಿನ ಪಕ್ಕ ಏನೂ ಅಲುಗಲಿಲ್ಲ. ಅಧಿಕಾರಿಣಿ ನನ್ನ ಮುಖ ನೋಡಿದಳು. ನಾನು ಉಸಿರು ಹಿಡಿದುಕೊಂಡಿದ್ದೆ. ಎದ್ದು ಆಕೆಯ ಪರವಾಗಿ ಮಾತಾಡಿಬಿಡಬೇಕೆಂಬ ಆಸೆ ಗಂಟಲವರೆಗೆ ಬಂದಿತ್ತು. ಪಕ್ಕದಲ್ಲಿದ್ದ ಗಂಡ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದರು.

ನೆರೆಯಾಕೆ ಎದ್ದರು. ಕೋಟಿನ ಮೇಲಿನ ಗುಂಡಿ ಬಿಚ್ಚಿದರು. "ನಾನು ಒಂದೇ ಸಲ ಹೋಗುತ್ತೇನೆ. ಹೊಸ ಮನೆಗೆ. ಬೇರೆ ಎಲ್ಲಿಗೂ ಹೋಗುವುದಿಲ್ಲ" ಎಂದರು. ಅಧಿಕಾರಿಣಿ ಧನ್ಯವಾದ ಹೇಳಿದಳು. ಅವರು ಕೂರಲಿಲ್ಲ. "ಬರೆದುಕೊಂಡಿರಾ? ಓದಿ" ಎಂದರು. ಅಧಿಕಾರಿಣಿ ಓದಿದಳು. ಅವರು ಒಂದು ಪದ ತಿದ್ದಿಸಿದರು. "ಹೋಗಲು ಇಷ್ಟ" ಎಂದು ಬರೆದಿದ್ದನ್ನು "ಹೋಗುತ್ತೇನೆ" ಎಂದು ಮಾಡಿಸಿ, ಆಮೇಲೆ ಕೂತರು.

ಪುಸ್ತಿಕೆ ಹತ್ತು ದಿನ ತಡವಾಗಿ ಅಚ್ಚಾಯಿತು. ಗ್ಯಾರೇಜಿನ ಜಾಗದಲ್ಲಿ ಮೊದಲು ಕಟ್ಟುವುದು, ಇರಲು ಬಯಸಿದವರು ನೇರವಾಗಿ ಅಲ್ಲಿಗೆ ಹೋಗುವುದು, ಬೇಗ ಬಿಡಬೇಕೆನ್ನುವವರಿಗೆ ತಕ್ಷಣ ಬೇರೆ ಮನೆ. ನೆಲಮಹಡಿಯ ತಾಯಿಯ ಹೆಸರನ್ನು ಆ ಪಟ್ಟಿಯ ಮೊದಲ ಸಾಲಿಗೆ ಹಾಕಿಸಲು ನಾನು ಸಂಸ್ಥೆಯ ಕಚೇರಿಗೆ ಮೂರು ಸಲ ಹೋಗಿ ಕೂತೆ. ಮತದ ಫಲಿತಾಂಶ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ: ಹೌದು ಎಂದು ಬಂತು. ಇದನ್ನು ಬರೆಯುತ್ತಿರುವಾಗ ಗ್ಯಾರೇಜುಗಳು ಇಲ್ಲ, ಅಲ್ಲಿ ಅಡಿಪಾಯದ ಯಂತ್ರ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ನಮ್ಮ ಕಪಾಟಿನ ಲೋಟಗಳನ್ನು ಅಲ್ಲಾಡಿಸುತ್ತದೆ. ಆ ಸದ್ದು ನನಗೆ ಬಹಳ ಇಷ್ಟ.

ಆದರೆ ನಾನು ಹೇಳಬೇಕಾದದ್ದು ಮತಪತ್ರ ಬಂದ ದಿನದ್ದು. ಅಂಚೆಯಲ್ಲಿ ಬಂದಿತ್ತು, ಮನೆಯಲ್ಲೇ ಗುರುತು ಹಾಕಿ ಲಕೋಟೆಯಲ್ಲಿಟ್ಟು ಕಳಿಸುವುದು. ನೆರೆಯಾಕೆ ಒಡೆಯದ ಲಕೋಟೆ ಹಿಡಿದು ನಮ್ಮಲ್ಲಿಗೆ ಬಂದರು. ಒಬ್ಬರೇ ಇರುವ ಮನೆಯಲ್ಲಿ ಕೂತು ಹಾಕಿದರೆ ಮತ ಹಾಕಿದ ಹಾಗೆ ಅನಿಸುವುದಿಲ್ಲ ಎಂದರು. ಪೆನ್ನು ಕೊಟ್ಟೆ, ಮೇಜಿನ ಮೇಲಿನ ಹೋಳಿಗೆ ಡಬ್ಬಿ ಸರಿಸಿ ಜಾಗ ಮಾಡಿದೆ. ಅವರು ಕೂರಲಿಲ್ಲ.

"ಮುಚ್ಚುವ ಬಾಗಿಲು ಯಾವುದಿದೆ?" ಎಂದು ಕೇಳಿದರು.

ಅಡಿಗೆಮನೆ ತೋರಿಸಿದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಲೆಯ ಮೇಲೆ ನನ್ನ ಸಾರು ಕುದಿಯುತ್ತಿತ್ತು, ಆರಿಸಿ ಬರಲಾ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಮ್ಮ ಅಡಿಗೆಮನೆಯ ಗೋಡೆ ತೆಳು. ಕಾಗದ ಬಿಡಿಸಿದ್ದು ಕೇಳಿಸಿತು, ಪೆನ್ನು ಒತ್ತಿದ್ದು ಕೇಳಿಸಿತು, ಯಾವ ಕಡೆಗೆ ಒತ್ತಿದರೆಂಬುದು ಕೇಳಿಸಲಿಲ್ಲ. ಇಷ್ಟೆಲ್ಲ ಆದ ಮೇಲೂ ಆಕೆ ಬೇಡ ಎಂದು ಗುರುತು ಹಾಕಬಹುದಿತ್ತು. ಹಾಗೆ ಹಾಕಲು ಆಕೆಗೆ ಪೂರ್ತಿ ಅಧಿಕಾರವಿತ್ತು. ನನಗೆ ಅದು ಗೊತ್ತಿತ್ತು.

ಬಾಗಿಲು ತೆರೆಯಿತು. ಲಕೋಟೆ ಅಂಟಿಸಿಯಾಗಿತ್ತು. "ಆಯಿತು" ಎಂದರು. ಯಾವುದಕ್ಕೆ ಎಂದು ನಾನು ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ. ನನ್ನ ಮತಪತ್ರವನ್ನು ಕೈಯಲ್ಲಿ ಹಿಡಿದು ಒಳಗೆ ಹೋಗಿ, ಸಾರಿನ ಒಲೆ ಆರಿಸಿ, ಬಾಗಿಲು ಮುಚ್ಚಿಕೊಂಡೆ. ಈ ಸಲ ಗೋಡೆಯ ಹೊರಗೆ ಅವರು ನಿಂತು ಕಾದರು.